ಗಾಂಜಾ ಬಗ್ಗೆ ಭಾಷಣ ಮಾಡುವ ಸಾಹೇಬರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ಈ ಪತ್ರ ಯಾರೋ ಒಬ್ಬ ಅಧಿಕಾರಿಗೆ ಅಂತ ಬರೆದದ್ದಲ್ಲ. ನಮ್ಮ ಮಲೆನಾಡಿನ ಶಾಲೆ, ಕಾಲೇಜುಗಳಿಗೆ ಹೋಗಿ ಮಾದಕ ವಸ್ತುಗಳ ಬಗ್ಗೆ ಜಾಗೃತಿ ಭಾಷಣ ಮಾಡುವ ಪೊಲೀಸರು, ಅಬಕಾರಿಯವರು, ಪ್ರಾಂಶುಪಾಲರು, ಸಂಘ ಸಂಸ್ಥೆಯವರು ಎಲ್ಲರಿಗೂ ಬರೆದದ್ದು. ಆ ಭಾಷಣ ಕೇಳಿ ಚಪ್ಪಾಳೆ ತಟ್ಟಿ ಮನೆಗೆ ಬರುವ ನಮ್ಮಂಥ ಅಪ್ಪ ಅಮ್ಮಂದಿರೂ ಓದಿದರೆ ಒಳ್ಳೆಯದು.

ಜೂನ್ 26 ಬಂತು ಅಂದರೆ ನಮ್ಮಲ್ಲಿ ಜಾಥಾ, ಬ್ಯಾನರು, ಪ್ರತಿಜ್ಞಾ ವಿಧಿ ಎಲ್ಲ ಶುರು. ಮಳೆ ಬೇರೆ ಹೊಯ್ಯುತ್ತಿರುತ್ತದೆ, ಮಕ್ಕಳು ಕೊಡೆ ಹಿಡಿದುಕೊಂಡೇ ಘೋಷಣೆ ಕೂಗುತ್ತಾರೆ. ಬೇಡ ಅನ್ನುತ್ತಿಲ್ಲ, ಮಾಡಲಿ. ಅಂಥದ್ದೊಂದು ಸಭೆಯಲ್ಲಿ ನಾನೂ ಕೂತಿದ್ದೆ, ಮಗಳ ಕಾಲೇಜು ಅಂತ. ವೇದಿಕೆ ಮೇಲಿದ್ದವರು ಹೇಳಿದ್ದು ಇಷ್ಟು: ಗಾಂಜಾ ನಮ್ಮ ಸಂಸ್ಕೃತಿಯಲ್ಲಿ ಎಂದೂ ಇರಲಿಲ್ಲ, ಇದು ಹೊರಗಿನಿಂದ ಬಂದ ಪಿಡುಗು, ಒಂದು ಸಲ ಸೇದಿದರೆ ಮನುಷ್ಯನ ಕಥೆ ಮುಗೀತು. ಹಿಂದಿನ ಸಾಲಿನ ಹುಡುಗರು ಕಿಸಕ್ಕನೆ ನಕ್ಕರು. ಒಬ್ಬ ಪಕ್ಕದವನಿಗೆ ಕೇಳಿದ: 'ಹಂಗಾದ್ರೆ ಶಿವರಾತ್ರಿಗೆ ಕಾಶೀಲಿ ಕುಡಿಯೋದು ಎಂತದ್ದು, ಬಾದಾಮಿ ಹಾಲಾ?'

ಆ ನಗು ನನಗೆ ತಲೆಬಿಸಿ ಮಾಡಿತು. ಯಾಕೆಂದರೆ ಅದೇ ಸಾಹೇಬರು ಆಮೇಲೆ ಹೇಳಿದ ಮಾತಿನಲ್ಲಿ ಆ ಹುಡುಗರು ನಿಜವಾಗಿ ಕೇಳಿಸಿಕೊಳ್ಳಬೇಕಾದ್ದು ಇತ್ತು. ಹದಿನಾರು ಹದಿನೇಳರ ವಯಸ್ಸಿನ ಮಿದುಳಿಗೆ ಈ ಹೊಗೆ ಏನು ಮಾಡುತ್ತದೆ ಅನ್ನುವುದು. ಅಷ್ಟೊತ್ತಿಗೆ ಅವರೆಲ್ಲ ಮೊಬೈಲ್ ತೆಗೆದಾಗಿತ್ತು. ಮೊದಲು ಹೇಳಿದ್ದು ಸುಳ್ಳು ಅಂತ ಗೊತ್ತಾದ ಮೇಲೆ ಆಮೇಲಿನದ್ದನ್ನು ಯಾರು ನಂಬುತ್ತಾರೆ, ನೀವೇ ಹೇಳಿ.

ನಾನು ಕೇಳುವುದು ಇದೊಂದೇ. ಮಕ್ಕಳಿಗೆ ಪೂರ್ತಿ ನಿಜ ಹೇಳಿ. ನಮಗೆ ಅನುಕೂಲವಾದ ಅರ್ಧ ಸಾಕಾಗುವುದಿಲ್ಲ.

ನಾನು ಸಾಗರದಲ್ಲಿ ಸಣ್ಣದೊಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಮೂಲ ಊರು ಹೊಸನಗರದ ಕಡೆ, ಸ್ವಲ್ಪ ಅಡಿಕೆ ತೋಟ ಇದೆ, ಅದಕ್ಕೂ ಈಗ ಎಲೆಚುಕ್ಕಿ ರೋಗ. ನಾನು ಡಾಕ್ಟರೂ ಅಲ್ಲ, ವಕೀಲನೂ ಅಲ್ಲ. ಆದರೆ ಅಂಗಡಿಗೆ ಕಾಲೇಜಿನ ಹುಡುಗರೂ ಬರುತ್ತಾರೆ, ಕೋರ್ಟಿಗೆ ಹೋಗುವವರೂ ಬರುತ್ತಾರೆ. ವಕೀಲರಿಗೆ ಕಾನೂನಿನ ಪುಟಗಳನ್ನು ಕಾಪಿ ತೆಗೆದು ತೆಗೆದು, ಮಾದಕ ವಸ್ತುಗಳನ್ನು ತಡೆಯಲು ಇರುವ ಎನ್‌ಡಿಪಿಎಸ್ ಕಾಯ್ದೆಯನ್ನು ನಾನೂ ಅಲ್ಲಲ್ಲಿ ಓದಿದ್ದೇನೆ. ಅದರಲ್ಲಿ ಇರುವುದಕ್ಕೂ ವೇದಿಕೆ ಮೇಲೆ ಕೇಳುವುದಕ್ಕೂ ಎಷ್ಟೋ ವ್ಯತ್ಯಾಸ ಇದೆ ಮಾರಾಯ್ರೆ.

ಮೊದಲು ಸಂಸ್ಕೃತಿಯ ವಿಷಯಕ್ಕೇ ಬರೋಣ. ದೂರ ಯಾಕೆ, ನಮ್ಮ ಮನೆಯಲ್ಲೇ ಇತ್ತು. ನಾನು ಸಣ್ಣವನಿದ್ದಾಗ ಗೊಬ್ಬರದ ಗುಂಡಿ ಪಕ್ಕ ಭಂಗಿ ಗಿಡ, ಅಂದರೆ ಇದೇ ಗಾಂಜಾ ಗಿಡ, ತಾನಾಗೇ ಏಳುತ್ತಿತ್ತು. ದನದ ಹೊಟ್ಟೆ ಕೆಟ್ಟರೆ ಅಜ್ಜಿ ಅದರ ನಾಲ್ಕು ಎಲೆ ಅರೆದು ಬೆಲ್ಲದಲ್ಲಿ ಕಲಸಿ ತಿನ್ನಿಸುತ್ತಿದ್ದಳು. ದೊಡ್ಡಪ್ಪ ಸಂಜೆ ದನ ಕಟ್ಟಿ, ಕೈಕಾಲು ತೊಳೆದು, ಜಗಲಿಯ ಕೊನೆಯಲ್ಲಿ ಕೂತು ಚಿಲುಮೆ ಹಚ್ಚುತ್ತಿದ್ದ. ಅದಕ್ಕೊಂದು ಕ್ರಮ ಇತ್ತು. ತೆಂಗಿನ ನಾರನ್ನು ಉಂಡೆ ಕಟ್ಟಿ ಸುಟ್ಟು ಕೆಂಡ ಮಾಡಬೇಕು, ಚಿಲುಮೆಯ ಬುಡಕ್ಕೆ ಒದ್ದೆ ಬಟ್ಟೆಯ ಚೂರು ಸುತ್ತಬೇಕು, ಎರಡು ಕೈಯನ್ನೂ ಗೂಡು ಮಾಡಿ ಎಳೆಯಬೇಕು. ಕೊಲ್ಲೂರು, ಕೊಡಚಾದ್ರಿ ಕಡೆ ಹೋಗುವ ಬೈರಾಗಿಗಳು ರಾತ್ರಿ ನಮ್ಮ ಜಗಲಿಯಲ್ಲಿ ತಂಗಿದರೆ ದೊಡ್ಡಪ್ಪನಿಗೆ ಅವತ್ತು ಹಬ್ಬ. ಮಕ್ಕಳು ಹತ್ತಿರ ಸುಳಿಯುವ ಹಾಗಿರಲಿಲ್ಲ. ಹೋದರೆ ಅದೇ ಕೈಯಲ್ಲಿ ಬೆನ್ನಿಗೆ ಬೀಳುತ್ತಿತ್ತು. ಬೆಳಗಾದರೆ ಅವನು ಎಲ್ಲರಿಗಿಂತ ಮುಂಚೆ ತೋಟದಲ್ಲಿರುತ್ತಿದ್ದ. ಕೊನೆಯವರೆಗೂ ಹಾಗೇ ಬದುಕಿದ.

ಇದು ನಮ್ಮ ಮನೆಯ ಕಥೆ. ನಾಡಿನ ಕಥೆ ಇನ್ನೂ ಹಳೆಯದು. ಅಥರ್ವವೇದದಲ್ಲಿ ಭಂಗದ ಹೆಸರು ಬರುತ್ತದೆ. ಶಾರ್ಙ್ಗಧರ ಸಂಹಿತೆ ಅನ್ನುವ ಹಳೆಯ ಆಯುರ್ವೇದ ಗ್ರಂಥ ಭಂಗವನ್ನೂ ಅಫೀಮನ್ನೂ ಔಷಧದ ಲೆಕ್ಕದಲ್ಲಿ ಸೇರಿಸಿದೆ. ಯಾದಗಿರಿ ಜಿಲ್ಲೆಯ ತಿಂಥಿಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾವನ್ನು ಪ್ರಸಾದ ಅಂತ ಕೊಡುವ ಪದ್ಧತಿ ಬಗ್ಗೆ 2020ರಲ್ಲಿ ಪತ್ರಿಕೆಗಳಲ್ಲೇ ಬಂತು. ಅಲ್ಲಿಯ ಭಕ್ತರು ಅದನ್ನು ಚಟ ಅಂತ ನೋಡುವುದಿಲ್ಲ, ಧ್ಯಾನದ ದಾರಿ ಅನ್ನುತ್ತಾರೆ. ಒಪ್ಪುವುದು ಬಿಡುವುದು ಬೇರೆ ಮಾತು. ಇರಲೇ ಇಲ್ಲ ಅಂತ ಹೇಳುವುದು ಹೇಗೆ?

ಬ್ರಿಟಿಷರಿಗೂ ಇದೇ ತಲೆನೋವು ಬಂದಿತ್ತು. ಗಾಂಜಾ ಸೇದಿ ಭಾರತದ ಜನ ಹುಚ್ಚರಾಗುತ್ತಿದ್ದಾರೆ ಅಂತ ಅವರ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದು, 1893ರಲ್ಲಿ ಒಂದು ಆಯೋಗ ಮಾಡಿದರು. ಆಯೋಗ ದೇಶವೆಲ್ಲ ಸುತ್ತಿ 1,193 ಜನರ ಸಾಕ್ಷಿ ತೆಗೆದುಕೊಂಡಿತು, ಮುಂದಿನ ವರ್ಷ ಏಳು ಸಂಪುಟದ ವರದಿ ಕೊಟ್ಟಿತು. ನನಗೆ ಅದರಲ್ಲಿ ಜಾಸ್ತಿ ಇಷ್ಟವಾಗಿದ್ದು ಹುಚ್ಚಾಸ್ಪತ್ರೆಗಳ ಭಾಗ. ಇಂಥವನಿಗೆ ಗಾಂಜಾದಿಂದಲೇ ಹುಚ್ಚು ಹಿಡಿಯಿತು ಅಂತ ದಾಖಲೆಯಲ್ಲಿ ಬರೆದಿದ್ದನ್ನು ಅವರು ಹಾಗೇ ಒಪ್ಪಲಿಲ್ಲ, ಒಂದೊಂದೇ ಪ್ರಕರಣ ತೆಗೆದು ವಿಚಾರಿಸಿದರು. ಎಷ್ಟೋ ಕಡೆ ರೋಗಿಯನ್ನು ತಂದುಬಿಟ್ಟ ಪೊಲೀಸರು ಬಾಯಿಗೆ ಬಂದ ಕಾರಣ ಬರೆಸಿದ್ದರು, ಆಸ್ಪತ್ರೆಯವರು ಅದನ್ನೇ ಪುಸ್ತಕಕ್ಕೆ ಇಳಿಸಿದ್ದರು. ಕೊನೆಗೆ ಆಯೋಗ ಹೇಳಿದ್ದು: ಮಿತವಾಗಿ ಬಳಸುವವರಿಗೆ ಹೆಚ್ಚೇನೂ ತೊಂದರೆ ಇಲ್ಲ, ಅತಿಯಾಗಿ ಬಳಸಿದರೆ ಹಾನಿ ಖಂಡಿತ, ಪೂರ್ತಿ ನಿಷೇಧ ಬೇಡ, ತೆರಿಗೆ ಮತ್ತು ಲೈಸೆನ್ಸ್ ಸಾಕು.

ಈ ವರದಿಯನ್ನು ಈಗಿನ ಹುಡುಗರು ವೇದವಾಕ್ಯದ ಹಾಗೆ ಹಿಡಿದುಕೊಂಡು ಬರುತ್ತಾರೆ. ಅವರಿಗೂ ಒಂದು ಮಾತು. ಆಯೋಗ ಮಾಡಿದ ಸರ್ಕಾರವೇ ಗಾಂಜಾ ಮೇಲೆ ತೆರಿಗೆ ತಿನ್ನುತ್ತಿತ್ತು, ಚೀನಾಕ್ಕೆ ಅಫೀಮನ್ನೂ ಮಾರುತ್ತಿತ್ತು. ಅಂಥವರು ನಿಷೇಧ ಬೇಡ ಅಂದರೆ ಅದರಲ್ಲಿ ಬರೀ ಜನರ ಮೇಲಿನ ಪ್ರೀತಿಯೇ ಇತ್ತು ಅಂತ ನಂಬಲು ನಾವೇನು ಅಷ್ಟು ಪೆದ್ದರಾ?

ಆಮೇಲಿನದ್ದು ಎಲ್ಲರಿಗೂ ಗೊತ್ತಿರಬೇಕಾದ್ದು, ಆದರೆ ಭಾಷಣಗಳಲ್ಲಿ ಬರುವುದೇ ಇಲ್ಲ. 1961ರಲ್ಲಿ ವಿಶ್ವಸಂಸ್ಥೆಯ ಒಪ್ಪಂದ ಬಂತು. ಅದರಲ್ಲಿ ಗಿಡದ ಎಲೆಯನ್ನು ಹೊರಗಿಟ್ಟರು, ಹಳೆಯ ಬಳಕೆ ನಿಲ್ಲಿಸಲು 25 ವರ್ಷ ಸಮಯವನ್ನೂ ಕೊಟ್ಟರು. ಅಲ್ಲಿಯವರೆಗೂ ದೇಶದ ಹಲವು ಕಡೆ ಗಾಂಜಾ ಲೈಸೆನ್ಸ್ ಅಂಗಡಿಗಳಲ್ಲೇ ಸಿಗುತ್ತಿತ್ತು. 1985ರ ನವೆಂಬರ್ 14ಕ್ಕೆ ಎನ್‌ಡಿಪಿಎಸ್ ಕಾಯ್ದೆ ಜಾರಿಗೆ ಬಂತು. ಅದರ ಪ್ರಕಾರ ಗಾಂಜಾ ಅಂದರೆ ಗಿಡದ ಹೂವು, ಕಾಯಿ ಬಿಟ್ಟ ತುದಿ. ತುದಿಯ ಜೊತೆಗಿಲ್ಲದ ಎಲೆ, ಬೀಜ ಆ ಲೆಕ್ಕಕ್ಕೆ ಬರುವುದಿಲ್ಲ. 2022ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್, ಈ ಎಲೆ ಅರೆದು ಮಾಡುವ ಭಂಗ್‌ನ ಒಂದು ಪ್ರಕರಣದಲ್ಲಿ ಜಾಮೀನು ಕೊಡುತ್ತಾ, ಈ ಕಾಯ್ದೆಯಲ್ಲಿ ಭಂಗ್ ನಿಷೇಧಿತ ಪಾನೀಯ ಅಂತ ಎಲ್ಲೂ ಇಲ್ಲ ಎಂದಿತು. ಹಾಗಂತ ನಾಳೆಯೇ ಎಲೆ ಅರೆಯಲು ಕೂರಬೇಡಿ, ರಾಜ್ಯಗಳ ಅಬಕಾರಿ ಕಾನೂನು ಬೇರೆ ಇರುತ್ತದೆ. ನಾನು ಹೇಳುವುದು ಏನೆಂದರೆ, ಒಂದೇ ಗಿಡದ ಎಲೆಗೆ ಒಂದು ನ್ಯಾಯ, ಹೂವಿಗೆ ಒಂದು ನ್ಯಾಯ ಇರುವಾಗ ಇಡೀ ಗಿಡವೇ ಪಾಪ ಅಂತ ಮಕ್ಕಳಿಗೆ ಹೇಳಿದರೆ ಅದು ನಿಲ್ಲುವುದಿಲ್ಲ.

ಈಗ ಪಾಪ ಪುಣ್ಯದ ವಿಷಯ. ಇದರಲ್ಲಿ ನಮ್ಮ ಮನೆಯಲ್ಲೇ ಮೂರು ಪಕ್ಷ.

ಅಕ್ಕ ತೀರ್ಥಹಳ್ಳಿ ಕಡೆ ಪ್ರೈಮರಿ ಶಾಲೆ ಟೀಚರ್. ಅವಳ ಪ್ರಕಾರ ಅಮಲು ಅಂದರೆ ಅಮಲು, ಅದರಲ್ಲಿ ಒಳ್ಳೆಯದು ಕೆಟ್ಟದ್ದು ಅಂತ ಜಾತಿ ಮಾಡಬಾರದು. ತನ್ನ ತಲೆಯನ್ನು ಬೇರೆ ಯಾವುದಕ್ಕೋ ಒತ್ತೆ ಇಡುವುದೇ ತಪ್ಪು ಅನ್ನುತ್ತಾಳೆ. ಅವಳು ಸುಮ್ನೆ ಹೇಳುವವಳಲ್ಲ. ಭಾವ ಕುಡಿದು ಕಳೆದ ವರ್ಷಗಳನ್ನು ಅವಳು ಕಂಡಿದ್ದಾಳೆ, ಸಂಬಳದ ದಿನ ಗೇಟಿನ ಹತ್ತಿರ ಕಾದು ನಿಂತದ್ದನ್ನು ನಾವೂ ಕಂಡಿದ್ದೇವೆ. ಅಂಥವಳ ಎದುರು ಶಿವನ ಪ್ರಸಾದ ಅಂತ ವಾದ ಮಾಡಲು ನನಗೆ ಬಾಯಿ ಬರುವುದಿಲ್ಲ.

ಅವಳ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನದು ಇನ್ನೊಂದು ತುದಿ. 'ಮಾವ, ಕೆನಡಾದಲ್ಲಿ 2018ರಲ್ಲೇ ಬಿಟ್ಟಾಯ್ತು, ಜರ್ಮನಿಯಲ್ಲಿ 2024ರಲ್ಲಿ ಬಿಟ್ರು, ನಾವು ಮಾತ್ರ ಇನ್ನೂ ಹಿಂದೆ' ಅನ್ನುತ್ತಾನೆ. ಯಾರಿಗೂ ತೊಂದರೆ ಕೊಡದೆ ನನ್ನ ರೂಮಿನಲ್ಲಿ ನಾನು ಏನು ಮಾಡಿದರೆ ಸರ್ಕಾರಕ್ಕೇನು ಅನ್ನುವುದು ಅವನ ವಾದ. ಥಾಯ್ಲೆಂಡ್ 2022ರಲ್ಲಿ ಬಾಗಿಲು ತೆರೆದು 2025ರಲ್ಲಿ ಮತ್ತೆ ಬಿಗಿ ಮಾಡಿದ್ದನ್ನು ನಾನು ನೆನಪಿಸಿದೆ. ಅದಕ್ಕೆ ಅವನು ರಾಜಕೀಯ ಅಂದ. ಇರಬಹುದು. ಆದರೆ ಕೆನಡಾದವರು ಬಿಡುವಾಗ ವಯಸ್ಸು ಇಷ್ಟು, ಅಳತೆ ಇಷ್ಟು ಅಂತ ಕಟ್ಟು ಹಾಕಿಯೇ ಬಿಟ್ಟರು. ನಮ್ಮ ಹುಡುಗರಿಗೆ ಬಿಟ್ಟರು ಅನ್ನುವುದು ಮಾತ್ರ ಕೇಳಿಸಿದೆ, ಕಟ್ಟು ಕೇಳಿಸಿಲ್ಲ.

ಮೂರನೆಯ ಪಕ್ಷ ನಾನು. ನನಗೆ ಈ ಗಿಡ ದೇವರೂ ಅಲ್ಲ, ದೆವ್ವವೂ ಅಲ್ಲ. ಹಿಂದೆ ಇತ್ತು ಅನ್ನುವುದು ಯಾವುದಕ್ಕೂ ಲೈಸೆನ್ಸ್ ಆಗುವುದಿಲ್ಲ, ಬಾಲ್ಯವಿವಾಹವೂ ಹಿಂದೆ ಇತ್ತು. ಶಿವ ಸೇದಿದ ಅನ್ನುವವರಿಗೆ ನಾನು ಕೇಳುವುದು, ಶಿವ ಹಾಲಾಹಲವನ್ನೂ ಕುಡಿದ, ಅದನ್ನು ಯಾರೂ ಪ್ರಸಾದ ಅಂತ ಕೇಳಲ್ಲ ಅಲ್ವಾ? ಆದರೆ ದೊಡ್ಡಪ್ಪ ಕೆಟ್ಟ ಮನುಷ್ಯ ಅಂತ ಯಾರಾದರೂ ಹೇಳಿದರೆ ಅದನ್ನೂ ಒಪ್ಪುವುದಿಲ್ಲ. ಒಬ್ಬ ವಯಸ್ಸಾದ ಮನುಷ್ಯ ತನ್ನ ಕೆಲಸ ಮುಗಿಸಿ, ತನ್ನ ಜಗಲಿಯಲ್ಲಿ ಕೂತು ಸೇದಿದರೆ ಅದರಲ್ಲಿ ನನಗೆ ಪಾಪ ಕಾಣುವುದಿಲ್ಲ. ಹದಿನಾರರ ಹುಡುಗನಿಗೆ ಅದನ್ನು ಕೈಗಿಡುವುದರಲ್ಲಿ ಕಾಣುತ್ತದೆ. ಅದನ್ನು ಕೈಗಿಟ್ಟು ದುಡ್ಡು ಎಣಿಸುವುದರಲ್ಲಿ ಇನ್ನೂ ದೊಡ್ಡದು.

ನೀತಿ ಹೇಳುವ ಮೊದಲು ನಾವು ಮಲೆನಾಡಿನವರು ನಮ್ಮ ಅಂಗಳ ನೋಡಿಕೊಳ್ಳಬೇಕು. ನನ್ನ ಮನೆ ನಡೆಯುವುದು ಅಡಿಕೆಯಿಂದ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿದೆ. ಆ ಸುದ್ದಿ ಬಂದಾಗಲೆಲ್ಲ ನಾವು ಅಡಿಕೆ ನಮ್ಮ ಸಂಸ್ಕೃತಿ, ತಾಂಬೂಲ ಇಲ್ಲದೆ ಮದುವೆ ಉಂಟಾ ಅಂತ ಮೆರವಣಿಗೆ ತೆಗೆಯುತ್ತೇವೆ. ನಾನೂ ತೆಗೆಯುವವನೇ, ಹೊಟ್ಟೆ ಪಾಡು. ಆದರೆ ಅಡಿಕೆಗೆ ಸಂಸ್ಕೃತಿ ಆಧಾರ ಆಗುವುದಾದರೆ ಭಂಗಿಗೆ ಯಾಕಾಗಬಾರದು ಅಂತ ಮಗಳು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನು ಮದ್ಯ. 2007ರ ಜುಲೈ 1ಕ್ಕೆ ಸಾರಾಯಿ ನಿಲ್ಲಿಸಿದರು, ಕುಡಿಯುವವರು ಅಗ್ಗದ ವಿಸ್ಕಿಗೆ ಹೋದರು. 2025-26ಕ್ಕೆ ಅಬಕಾರಿ ಇಲಾಖೆಗೆ ಸರ್ಕಾರ ಇಟ್ಟ ಗುರಿ 40,000 ಕೋಟಿ ರೂಪಾಯಿ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್‌ನವರು ಮಾಡಿದ, 2019ರಲ್ಲಿ ಹೊರಬಂದ ಸಮೀಕ್ಷೆಯಲ್ಲಿ 10ರಿಂದ 75 ವಯಸ್ಸಿನವರ ಪೈಕಿ ಮದ್ಯ ಕುಡಿಯುವವರು ಶೇಕಡಾ 14.6, ಭಂಗಿ ಗಾಂಜಾ ಚರಸ್ ಎಲ್ಲ ಸೇರಿ ಬಳಸುವವರು ಶೇಕಡಾ 2.8. ಒಂದು ಕೈಯಲ್ಲಿ ಗುರಿ ಕೊಟ್ಟು ಇನ್ನೊಂದು ಕೈಯಲ್ಲಿ ಪ್ರತಿಜ್ಞೆ ಬೋಧಿಸಿದರೆ ಹುಡುಗರು ನಗದೆ ಇನ್ನೇನು ಮಾಡುತ್ತಾರೆ.

ಇಷ್ಟು ಓದಿ ನಾನು ಗಾಂಜಾ ಪರ ವಕಾಲತ್ತು ವಹಿಸುತ್ತಿದ್ದೇನೆ ಅಂತ ಅಂದುಕೊಂಡಿದ್ದರೆ ಮುಂದಿನದ್ದನ್ನೂ ಓದಿ.

ನಮ್ಮೂರ ಪಕ್ಕದ ಒಬ್ಬ ಹುಡುಗ. ಹೆಸರು ಬೇಡ, ಊರೂ ಬೇಡ. ಡಿಪ್ಲೊಮಾ ಓದಲು ಹಾಸ್ಟೆಲ್ ಸೇರಿದ, ಗೆಳೆಯರ ಜೊತೆ ಸೇದಲು ಶುರು ಮಾಡಿದ. ಒಂದು ರಜೆಗೆ ಮನೆಗೆ ಬಂದವನು ಮಾತು ಕಡಿಮೆ ಮಾಡಿದ. ರಾತ್ರಿ ಎದ್ದು ಕೂತು ಅಟ್ಟದ ಮೇಲೆ ಯಾರೋ ತನ್ನ ಬಗ್ಗೆ ಮಾತಾಡುತ್ತಿದ್ದಾರೆ ಅನ್ನುತ್ತಿದ್ದ. ಅವನ ಅಮ್ಮ ಏಣಿ ಹತ್ತಿ ಟಾರ್ಚ್ ಹಾಕಿ ತೋರಿಸಿದರೂ ನಂಬಲಿಲ್ಲ. ಆಮೇಲೆ ಅಮ್ಮ ಕೊಟ್ಟ ಅನ್ನ ಮುಟ್ಟುವುದನ್ನೂ ಬಿಟ್ಟ, ವಿಷ ಹಾಕಿದ್ದಾಳೆ ಅಂತ. ಮನೆಯವರು ನೋಟ ನೋಡುವವರ ಹತ್ತಿರ ಹೋಗಿ ಭವಿಷ್ಯ ಕೇಳಿಸಿದರು. ಊರ ದೈವ ಚೌಡಿಯ ಕಾಟ ಅಂತ ಬಂತು. ಕೋಳಿ ಕೊಟ್ಟರು, ತಾಯತ ಕಟ್ಟಿಸಿದರು, ಯಾರೋ ಮಾಟ ಮಾಡಿಸಿದ್ದಾರೆ ಅಂತ ದಾಯಾದಿಗಳ ಜೊತೆ ಜಗಳವೂ ಆಯಿತು. ತಿಂಗಳುಗಟ್ಟಲೆ ಹೀಗೇ ಹೋಯಿತು. ಅಪ್ಪನಿಗೆ ಗಾಂಜಾ ವಿಷಯ ಮೊದಲೇ ಗೊತ್ತಿತ್ತು. ಹಾಸ್ಟೆಲ್ ಗೆಳೆಯನೊಬ್ಬ ಹೇಳಿದ್ದ. ಆದರೂ ಆಸ್ಪತ್ರೆಗೆ ಹೋಗಲಿಲ್ಲ. ಯಾಕೆ ಅಂತ ನಾನು ಆಮೇಲೆ ಕೇಳಿದೆ. ಅವರು ಹೇಳಿದ್ದು: 'ಡಾಕ್ಟರ ಹತ್ರ ಗಾಂಜಾ ಅಂದ್ರೆ ಸ್ಟೇಷನ್ನಿಗೆ ಫೋನ್ ಹೋಗ್ತದೆ, ಹುಡುಗನ್ನ ಒಳಗೆ ಹಾಕ್ತಾರೆ ಅಂತ ಹೆದರಿಕೆ ಆಯ್ತು.'

ಸಾಹೇಬ್ರೆ, ಇದನ್ನು ದಯವಿಟ್ಟು ಎರಡು ಸಲ ಓದಿ. ಆ ಅಪ್ಪ ಹೆದರಿದ್ದು ಗಾಂಜಾಕ್ಕಲ್ಲ, ನಿಮಗೆ.

ಕೊನೆಗೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಈಗ ಮಾತ್ರೆ ತೆಗೆದುಕೊಳ್ಳುತ್ತಾನೆ, ತೋಟದ ಕೆಲಸ ಮಾಡುತ್ತಾನೆ, ಕಾಲೇಜಿಗೆ ವಾಪಸ್ ಹೋಗಲಿಲ್ಲ. ಅವನ ಜೊತೆ ಅದೇ ಹಾಸ್ಟೆಲ್‌ನಲ್ಲಿ ಅದೇ ಮಾಲು ಸೇದಿದ ಉಳಿದವರಿಗೆ ಏನೂ ಆಗಲಿಲ್ಲ, ಕೆಲಸಕ್ಕೂ ಸೇರಿದರು. ಅವನ ತಾಯಿಯ ಕಡೆ ಒಬ್ಬರಿಗೆ ಮೊದಲೇ ಮಾನಸಿಕ ಕಾಯಿಲೆ ಇತ್ತಂತೆ. ಮನೆತನದಲ್ಲಿ ಅಂಥ ಕಾಯಿಲೆ ಇದ್ದವರಿಗೆ, ಸಣ್ಣ ವಯಸ್ಸಿನಲ್ಲೇ ಶುರು ಮಾಡಿದವರಿಗೆ, ದಿನಾ ಸೇದುವವರಿಗೆ ಈ ಅಪಾಯ ಜಾಸ್ತಿ ಅನ್ನುತ್ತಾರೆ ಡಾಕ್ಟರು. ಯಾರಿಗೆ ಬರುತ್ತದೆ ಅಂತ ಮೊದಲೇ ತೋರಿಸುವ ರಕ್ತ ಪರೀಕ್ಷೆ ಇಲ್ಲ. ಮಕ್ಕಳಿಗೆ ಹೇಳಬೇಕಾದ್ದು ಇದು. ಒಂದು ಸಲ ಸೇದಿದರೆ ಮುಗೀತು ಅನ್ನುವ ಮಾತು ಅವರ ಕಣ್ಣೆದುರೇ ಸುಳ್ಳಾಗುತ್ತದೆ, ಸೇದಿದ ಸೀನಿಯರ್ ಕ್ಯಾಂಪಸ್ ಸೆಲೆಕ್ಷನ್ ಆಗಿರುತ್ತಾನೆ. ನಿಮ್ಮ ಪಕ್ಕದವನಿಗೆ ಏನೂ ಆಗದೆ ನಿಮಗೆ ಆಗಬಹುದು, ಅದು ಮೊದಲೇ ಗೊತ್ತಾಗುವುದಿಲ್ಲ ಅಂತ ಹೇಳಿ ನೋಡಿ. ಅದು ನಿಜ. ಅದಕ್ಕೆ ಯಾರೂ ನಗಲಾರರು.

ಇನ್ನೂ ಹೇಳಬಹುದಾದ್ದು ಇದೆ. ಈ ಗಿಡದಲ್ಲಿ ಅಮಲು ತರುವ ಅಂಶ ಟಿಎಚ್‌ಸಿ, 1964ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಅದನ್ನು ಬೇರ್ಪಡಿಸಿದರು. ಅಮೆರಿಕದಲ್ಲಿ ವಶಪಡಿಸಿದ ಗಾಂಜಾದಲ್ಲಿ ಇದರ ಪ್ರಮಾಣ 1995ರ ಸುಮಾರಿಗೆ ಶೇಕಡಾ 4 ಇದ್ದದ್ದು 2014ರ ಹೊತ್ತಿಗೆ 12ಕ್ಕೆ ಏರಿತ್ತು. ತಳಿ ಆರಿಸಿ, ದೀಪ ಹಾಕಿ, ಮನೆಯೊಳಗೆ ಬೆಳೆಯುವ ಕಾಲ ಇದು. 2023ರಲ್ಲಿ ಶಿವಮೊಗ್ಗದಲ್ಲೇ ವೈದ್ಯಕೀಯ ವಿದ್ಯಾರ್ಥಿಗಳು ಬಾಡಿಗೆ ಮನೆಯಲ್ಲಿ ಬೆಳೆದು ಸಿಕ್ಕಿಬಿದ್ದ ಸುದ್ದಿ ಓದಿದ್ದೇವಲ್ಲ. ಗೊಬ್ಬರದ ಗುಂಡಿ ಪಕ್ಕದ ಗಿಡಕ್ಕೂ ಇದಕ್ಕೂ ಹೋಲಿಕೆ ಇಲ್ಲ. ದೊಡ್ಡಪ್ಪನನ್ನು ನೋಡಿ ಧೈರ್ಯ ತಂದುಕೊಳ್ಳುವವರು ದೊಡ್ಡಪ್ಪ ಸೇದಿದ್ದೇ ಬೇರೆ ಅನ್ನುವುದನ್ನೂ ತಿಳಿಯಬೇಕು.

ಈಗ ಕಾನೂನಿಗೆ ಬರುತ್ತೇನೆ. ನನ್ನ ಅಂಗಡಿಗೆ ಜಾಮೀನಿನ ಕಾಗದ ಮಾಡಿಸಲು ಅಪ್ಪಂದಿರು ಬರುತ್ತಾರೆ. ಪಹಣಿ, ಕಂದಾಯ ರಸೀದಿ, ಆಧಾರ್, ಎರಡೆರಡು ಸೆಟ್. ಒಂದು ಸಲ ಒಬ್ಬರು ಎಫ್‌ಐಆರ್ ಪ್ರತಿಯನ್ನು ಮಗುಚಿ ಹಿಡಿದುಕೊಂಡೇ ನಿಂತಿದ್ದರು. ಅಂಗಡಿಯಲ್ಲಿ ಬೇರೆ ಗಿರಾಕಿ ಇದ್ದರು. ಅವರೆಲ್ಲ ಹೋಗುವವರೆಗೆ ಗೋಡೆಯ ಮೇಲಿನ ಲ್ಯಾಮಿನೇಶನ್ ರೇಟ್ ಪಟ್ಟಿಯನ್ನೇ ಓದುತ್ತಾ ನಿಂತರು, ಆಮೇಲೆ ಕಾಗದವನ್ನು ಗಾಜಿನ ಮೇಲೆ ತಾವೇ ಮುಖ ಕೆಳಗೆ ಮಾಡಿ ಇಟ್ಟರು. ಮಗ ಸೇದಿದ್ದ, ಅಷ್ಟೇ. ಮಾರಿದ್ದಲ್ಲ. ಕಾಯ್ದೆಯ 27ನೇ ಕಲಮಿನಲ್ಲಿ ಗಾಂಜಾ ಸೇವನೆಗೆ ಹೆಚ್ಚೆಂದರೆ ಆರು ತಿಂಗಳು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಅಷ್ಟರಲ್ಲಾಗಲೇ ಹುಡುಗರನ್ನು ಸಾಲಾಗಿ ನಿಲ್ಲಿಸಿ ತೆಗೆದ ಫೋಟೊ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿತ್ತು. ಕೋರ್ಟು ಏನೂ ಹೇಳುವ ಮೊದಲೇ ಊರು ತೀರ್ಪು ಕೊಟ್ಟಾಗಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅಂತ ನಮ್ಮಲ್ಲಿ ಗಾದೆಯೇ ಇದೆ.

ಅದೇ ಕಾಯ್ದೆಯಲ್ಲಿ 64ಎ ಅಂತ ಒಂದು ಕಲಮು ಇದೆ. ಚಟಕ್ಕೆ ಬಿದ್ದವನ ಮೇಲೆ ಸೇವನೆಯ ಅಥವಾ ಸಣ್ಣ ಪ್ರಮಾಣದ ಪ್ರಕರಣ ಇದ್ದರೆ, ಅವನು ತಾನಾಗಿ ಮುಂದೆ ಬಂದು ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ, ಅವನ ಮೇಲೆ ಆ ಪ್ರಕರಣ ನಡೆಸುವ ಹಾಗಿಲ್ಲ. ಚಿಕಿತ್ಸೆ ಪೂರ್ತಿ ಮಾಡಬೇಕು, ಅಷ್ಟೇ ಷರತ್ತು. ನಾನು ಕೇಳಿದ ಒಂದು ಭಾಷಣದಲ್ಲೂ ಈ ಮಾತು ಬಂದಿಲ್ಲ. ಹತ್ತು ವರ್ಷ, ಇಪ್ಪತ್ತು ವರ್ಷ ಜೈಲು ಅನ್ನುವುದು ಮಾತ್ರ ಗಟ್ಟಿಯಾಗಿ ಬರುತ್ತದೆ. ಅದು 20 ಕಿಲೋಗಿಂತ ಜಾಸ್ತಿ ಸಾಗಿಸುವವನಿಗೆ ಇರುವ ಶಿಕ್ಷೆ, ಜೇಬಿನಲ್ಲಿ ಒಂದು ಪೊಟ್ಟಣ ಇದ್ದವನಿಗಲ್ಲ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಹೆದರಿಸಿದ್ದು ಸಾಲದೆ, ಹೊರಗೆ ಬರುವ ಬಾಗಿಲನ್ನೂ ಮುಚ್ಚಿಟ್ಟ ಹಾಗಾಯಿತು.

ಬೆಳೆಯುವವರ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಬೇರೆ. ಸಾಗರ, ಹೊಸನಗರ, ಸೊರಬ, ಶಿಕಾರಿಪುರದ ಕಡೆ ಶುಂಠಿ ಗದ್ದೆಯಲ್ಲಿ, ಜೋಳದ ಹೊಲದ ನಡುವೆ ಗಿಡ ಸಿಕ್ಕ ಸುದ್ದಿ ಆಗಾಗ ಬರುತ್ತದೆ. ಜೋಳ ಆಳೆತ್ತರ ಬೆಳೆದರೆ ಒಳಗಿರುವುದು ರಸ್ತೆಗೆ ಕಾಣುವುದಿಲ್ಲ. ಕಾನೂನಿನಲ್ಲಿ ಒಂದು ಗಿಡ ಬೆಳೆದರೂ ಹತ್ತು ವರ್ಷದವರೆಗೆ ಶಿಕ್ಷೆ ಆಗಬಹುದು. ಬಗರ್‌ಹುಕುಂ ಜಮೀನಿನ ಬಡ ರೈತನಿಗೆ ಇದು ಗೊತ್ತೇ ಇರುವುದಿಲ್ಲ. ಶುಂಠಿಗೆ ಒಂದು ವರ್ಷ ಬಂಗಾರದ ಬೆಲೆ, ಮರುವರ್ಷ ಕಿತ್ತ ಕೂಲಿಯೂ ಹುಟ್ಟುವುದಿಲ್ಲ. ಅಂಥ ವರ್ಷ ಯಾರೋ ಬೈಕಿನಲ್ಲಿ ಬಂದು ಬೀಜ ಕೊಟ್ಟು, ಮುಂಗಡ ಕೊಟ್ಟು ಹೋಗುತ್ತಾನೆ. ಸಿಕ್ಕಿಬೀಳುವುದು ಗದ್ದೆಯಲ್ಲಿದ್ದವನು, ಬೈಕಿನವನು ಮುಂದಿನ ಊರಿಗೆ ಹೋಗಿರುತ್ತಾನೆ. ಬೆಳೆದವನು ಅಮಾಯಕ ಅಂತ ನಾನು ಹೇಳುವುದಿಲ್ಲ, ಮಾರುವುದಕ್ಕೆ ಅಂತ ಬೆಳೆದವನಿಗೆ ಅದು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತು. ಆದರೆ ಬುಡಕ್ಕೆ ಹೋಗಿ. ಇನ್ನೊಂದು, ಬೇರು, ಕಾಂಡ, ಎಲೆ ಎಲ್ಲ ಸೇರಿಸಿ ತೂಗಿ ಇಷ್ಟು ಕಿಲೋ ಗಾಂಜಾ ಅಂತ ಬರೆದದ್ದಕ್ಕೇ ಹೈಕೋರ್ಟುಗಳು ಎಷ್ಟೋ ಸಲ ಜಾಮೀನು ಕೊಟ್ಟಿವೆ. ನಿಜವಾಗಿ ದಂಧೆ ಮಾಡುವವನು ಈ ಸಂದಿಯಲ್ಲೇ ನುಸುಳುತ್ತಾನೆ.

ಎಲ್ಲ ಬಿಟ್ಟುಬಿಡಿ, ಅಂಗಡಿ ಇಟ್ಟು ಮಾರಿ ಅಂತ ನಾನು ಕೇಳುತ್ತಿಲ್ಲ. ಅಳಿಯ ಕೇಳುತ್ತಾನೆ, ಅದನ್ನು ಅವನೇ ಬರೆದುಕೊಳ್ಳಲಿ. ಉತ್ತರಾಖಂಡದವರು 2018ರಿಂದ ನಾರಿಗಾಗಿ ಕೈಗಾರಿಕಾ ತಳಿ ಬೆಳೆಯಲು ಲೈಸೆನ್ಸ್ ಕೊಡುತ್ತಿದ್ದಾರೆ, ಕಾಯ್ದೆಯ 14ನೇ ಕಲಮಿನಲ್ಲಿ ಅದಕ್ಕೆ ಅವಕಾಶ ಇದೆ. ನಮ್ಮ ಮಳೆಗೆ, ನಮ್ಮ ಮಣ್ಣಿಗೆ ಅದು ಆಗುತ್ತದಾ ಅಂತ ಕೃಷಿ ವಿಜ್ಞಾನಿಗಳು ನೋಡಲಿ. ನನ್ನ ಬೇಡಿಕೆ ಅದಕ್ಕಿಂತ ಚಿಕ್ಕದು.

ಮುಂದಿನ ಸಲ ಭಾಷಣಕ್ಕೆ ಹೋಗುವಾಗ ಜೊತೆಗೆ ಒಬ್ಬ ಮನೋವೈದ್ಯರನ್ನು ಕರೆದುಕೊಂಡು ಹೋಗಿ, ಮೊದಲು ಅವರು ಮಾತಾಡಲಿ. ಹುಡುಗರು ಪ್ರಶ್ನೆ ಕೇಳಲಿ, ಕೇಳಿದವನ ಹೆಸರು ಬರೆದುಕೊಳ್ಳಬೇಡಿ. ಕಾಶಿಯ ಭಂಗ್ ಬಗ್ಗೆ ಕೇಳಿದರೆ ಹೌದು ಅನ್ನಿ, ಕೆನಡಾ ಬಗ್ಗೆ ಕೇಳಿದರೂ ಹೌದು ಅನ್ನಿ, ಆಮೇಲೆ ವಯಸ್ಸಿನ ವಿಷಯ ಹೇಳಿ. ಸೇದಿ ಸಿಕ್ಕಿಬಿದ್ದ ಹುಡುಗರ ಫೋಟೊ ಹಂಚಬೇಡಿ. ಅವರ ಅಪ್ಪ ಅಮ್ಮನಿಗೆ 64ಎ ಕಲಮನ್ನು ಕನ್ನಡದಲ್ಲಿ, ಸ್ಟೇಷನ್ನಿನಲ್ಲೇ, ಕೂರಿಸಿ ತಿಳಿಸಿ. ಆಸ್ಪತ್ರೆಗೆ ಬಂದವರನ್ನು ಹಿಡಿಯುವುದಿಲ್ಲ ಅಂತ ಒಂದು ಮಾತನ್ನು ಮೈಕಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿ.

ಬ್ಯಾನರಿನ ಮೇಲೆ ತಲೆಬುರುಡೆ ಚಿತ್ರ ಹಾಕುವ ಜಾಗದಲ್ಲಿ ವ್ಯಸನ ಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416, ಈ ಎರಡು ನಂಬರ್ ದೊಡ್ಡದಾಗಿ ಬರಲಿ. ನಾನು ಹೇಳಿದ್ದೆಲ್ಲ ಒಂದು ಪುಟದಲ್ಲಿ ಮುಗಿಯುತ್ತದೆ. ನೀವು ಬರೆದು ಕೊಟ್ಟರೆ ತಾಲ್ಲೂಕಿನ ಎಲ್ಲ ಕಾಲೇಜುಗಳಿಗೆ ಆಗುವಷ್ಟು ಕಾಪಿ ನಾನು ದುಡ್ಡಿಲ್ಲದೆ ತೆಗೆದುಕೊಡುತ್ತೇನೆ. ಭಾನುವಾರ ಬಿಟ್ಟು ಯಾವತ್ತಾದರೂ ಬನ್ನಿ, ಕರೆಂಟ್ ಇದ್ದರೆ ಅರ್ಧ ಗಂಟೆಯ ಕೆಲಸ.

ಇಂತಿ,
ಸಾಗರದ ಒಬ್ಬ ಜೆರಾಕ್ಸ್ ಅಂಗಡಿಯವ